ವೀಕ್ಷಣಾಲಯದ ಹುಡುಗರಿಗೆ ಹಾಡು ಕಲಿಸಲು ಹೋಗುವವರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ ಅಥವಾ ಗದುಗಿನ ಆಶ್ರಮದಲ್ಲಿ ನಾಲ್ಕಾರು ವರ್ಷ ಕಲಿತು ಬಂದ ಯುವಕರು ಆಗಾಗ ನನ್ನ ಬಳಿ ಬಂದು, ಜನ ಇನ್ನೂ ‘ರಿಮ್ಯಾಂಡ್ ಹೋಂ’ ಎಂದೇ ಕರೆಯುವ ಬಾಲಕರ ಸಂಸ್ಥೆಗಳಲ್ಲಿ ಪಾಠ ಹೇಳಲು ಏನು ಮಾಡಬೇಕೆಂದು ಕೇಳುತ್ತಾರೆ. ಈ ಭಾಗದ ಅಂಥ ಒಂದು ಗೃಹಕ್ಕೆ ಹಲವು ವರ್ಷ ಶನಿವಾರಗಳಂದು ಪೇಟಿ (ಹಾರ್ಮೋನಿಯಂ) ಹೊತ್ತುಕೊಂಡು ಹೋಗಿ ಬಂದವನಾಗಿ, ಮಾಡಿದ ತಪ್ಪುಗಳನ್ನೂ ಸೇರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಹುಡುಗರನ್ನು ‘ತಿದ್ದಲು’ ಹೋಗುವವರಿಗೆ ಈ ಬರಹದಿಂದ ಹೆಚ್ಚಿನ ಉಪಯೋಗವಿಲ್ಲ. ತಿದ್ದುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಹೇಳಿದ ಹೊತ್ತಿಗೆ ಬಂದು, ಒಂದು ತಾಳವನ್ನು ಹಿಡಿದು, ಮುಗಿಯುವವರೆಗೆ ಬಿಡದೆ ನಡೆಸುವವರು ಕಡಿಮೆ.

ಯಾವ ಬಾಗಿಲು ಎಂಬುದನ್ನು ಮೊದಲು ತಿಳಿಯಿರಿ

ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015 ಜಾರಿಗೆ ಬಂದದ್ದು 2016ರ ಜನವರಿ 15ರಂದು. ಅದರ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಕ್ಕಳಿರುವುದು ಬಾಲಮಂದಿರದಲ್ಲಿ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳು ವಿಚಾರಣೆ ಮುಗಿಯುವವರೆಗೆ ಇರುವುದು ವೀಕ್ಷಣಾಲಯದಲ್ಲಿ. ವಿಚಾರಣೆ ಮುಗಿದು ಬಾಲ ನ್ಯಾಯ ಮಂಡಳಿ ಆದೇಶ ಮಾಡಿದ ಮೇಲೆ ಕಳುಹಿಸುವುದು ವಿಶೇಷ ಗೃಹಕ್ಕೆ, ಅಲ್ಲಿ ಗರಿಷ್ಠ ಅವಧಿ ಮೂರು ವರ್ಷ. ಸಂಗೀತ ಶಿಕ್ಷಕನಿಗೆ ಕಾನೂನಿನ ಈ ವಿಂಗಡಣೆ ಯಾಕೆ ಬೇಕು ಎಂದು ಅನ್ನಿಸಬಹುದು. ಬೇಕು, ಏಕೆಂದರೆ ನಿಮ್ಮ ಪಾಠದ ಅಳತೆಯನ್ನು ನಿರ್ಧರಿಸುವುದು ಇದೇ. ವಿಶೇಷ ಗೃಹದಲ್ಲಿ ಒಂದು ರಾಗವನ್ನು ಆರು ತಿಂಗಳು ಹಿಗ್ಗಿಸಿ ಕಲಿಸಬಹುದು. ವೀಕ್ಷಣಾಲಯದಲ್ಲಿ, ವಿಚಾರಣೆಯನ್ನು ನಾಲ್ಕು ತಿಂಗಳೊಳಗೆ, ವಿಸ್ತರಿಸಿದರೆ ಇನ್ನೆರಡು ತಿಂಗಳೊಳಗೆ ಮುಗಿಸಬೇಕೆಂದು ಕಾಯ್ದೆ ಹೇಳಿದ್ದರೂ, ಜಾಮೀನು ಸಿಕ್ಕ ಹುಡುಗ ವಾರದೊಳಗೆ ಹೊರಟುಹೋಗುತ್ತಾನೆ. ಹೋದ ಶನಿವಾರ ಎದುರಿಗೆ ಕುಳಿತಿದ್ದ ಹದಿನೈದು ಮಂದಿಯಲ್ಲಿ ಈ ಶನಿವಾರ ಒಂಬತ್ತು ಮಂದಿ ಇರುತ್ತಾರೆ, ಮೂವರು ಹೊಸಬರು ಗೋಡೆಗೆ ಒರಗಿ ನಿಂತಿರುತ್ತಾರೆ. ಆದ್ದರಿಂದ ಅಲ್ಲಿನ ಪ್ರತಿಯೊಂದು ತರಗತಿಯೂ ಅಂದೇ ಆರಂಭವಾಗಿ ಅಂದೇ ಮುಗಿಯುವಂತಿರಬೇಕು. ‘ಮುಂದಿನ ವಾರ ಚರಣ ಕಲಿಯೋಣ’ ಎಂಬ ಮಾತನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಅನುಮತಿಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಬರೆದು, ಅದರ ಪ್ರತಿಯನ್ನು ಸಂಸ್ಥೆಯ ಅಧೀಕ್ಷಕರಿಗೂ ಕೊಡಿ. ಗುರುತಿನ ಚೀಟಿ, ಸಂಗೀತದ ಪ್ರಮಾಣಪತ್ರ, ಪೊಲೀಸ್ ಪರಿಶೀಲನಾ ಪತ್ರ ಇವುಗಳನ್ನು ಕೇಳುವ ಮೊದಲೇ ಲಗತ್ತಿಸಿದರೆ ಓಡಾಟ ಉಳಿಯುತ್ತದೆ. ಸಂಸ್ಥೆಗಳು ಒದಗಿಸಬೇಕಾದ ಸೇವೆಗಳನ್ನು ಹೇಳುವ 53ನೇ ಕಲಮಿನಲ್ಲಿ ಶಿಕ್ಷಣ, ಆಪ್ತಸಮಾಲೋಚನೆಗಳ ಜೊತೆಗೆ ಕ್ರೀಡೆ ಮತ್ತು ಸಾಂಸ್ಕೃತಿಕ ಚಟುವಟಿಕೆಗಳೂ ಸೇರಿವೆ. ನೀವು ಕೇಳುತ್ತಿರುವುದು ಉಪಕಾರವಲ್ಲ ಎಂಬುದು ನಿಮಗೆ ಗೊತ್ತಿದ್ದರೆ ಸಾಕು, ಅಧೀಕ್ಷಕರ ಮುಂದೆ ಕಲಂ ಓದಿ ಹೇಳುವ ಅಗತ್ಯವಿಲ್ಲ.

ಕೇಳಬಾರದ್ದು, ತೋರಿಸಬಾರದ್ದು

ಯಾವ ಹುಡುಗನನ್ನೂ ‘ನೀನು ಯಾಕೆ ಬಂದೆ’ ಎಂದು ಕೇಳಬೇಡಿ. ಸಿಬ್ಬಂದಿಯವರು ತಾವಾಗಿಯೇ ಹೇಳಲು ಬಂದರೂ ಮಾತು ಬದಲಿಸಿ. ಮಗುವಿನ ಹೆಸರು, ಊರು, ಶಾಲೆ, ಚಿತ್ರ, ಗುರುತು ಹಿಡಿಯಬಹುದಾದ ಯಾವ ವಿವರವನ್ನೂ ಪತ್ರಿಕೆಯಲ್ಲಾಗಲಿ ಬೇರೆ ಮಾಧ್ಯಮದಲ್ಲಾಗಲಿ ಪ್ರಕಟಿಸುವುದನ್ನು ಕಾಯ್ದೆಯ 74ನೇ ಕಲಂ ನಿಷೇಧಿಸಿದೆ. ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತರಗತಿಯ ಒಂದು ಫೋಟೋವನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕುವ ಚಪಲ ಇಂದಿನ ಯುವ ಶಿಕ್ಷಕರಲ್ಲಿ ಬಲವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಹುಡುಗರಿಗೆ ಪ್ರಮಾಣಪತ್ರ ಕೊಡುವ ಯೋಚನೆ ಇದ್ದರೆ ಅದರ ಮೇಲೆ ಗೃಹದ ಹೆಸರು, ವಿಳಾಸ ಬಾರದಂತೆ ನೋಡಿಕೊಳ್ಳಿ. ಆ ಹಾಳೆಯನ್ನು ಅವನು ನಾಳೆ ಯಾರಿಗೆ ತೋರಿಸಬೇಕಾದೀತು ಎಂಬುದನ್ನು ಯೋಚಿಸಿದರೆ ಕಾರಣ ತಾನೇ ತಿಳಿಯುತ್ತದೆ.

ಹೊತ್ತು ಮತ್ತು ಜಾಗ

ಬಳ್ಳಾರಿಯ ಬಿಸಿಲಿನಲ್ಲಿ ಮಾರ್ಚ್ ತಿಂಗಳಿನಿಂದ ಜೂನ್ ವರೆಗೆ ಮಧ್ಯಾಹ್ನದ ತರಗತಿ ಯಾರಿಗೂ ಬೇಡ. ಬೆಳಗಿನ ಉಪಾಹಾರವಾದ ಒಂದು ಗಂಟೆಯ ನಂತರ ಮುಕ್ಕಾಲು ಗಂಟೆ ಕೇಳಿಕೊಳ್ಳಿ. ಅದಕ್ಕಿಂತ ಹೆಚ್ಚು ಕೊಟ್ಟರೂ ಬೇಡ.

ಸಂಸ್ಥೆಯ ಶಿಸ್ತು ಬಿಗಿಯಾಗಿರುತ್ತದೆ: ಕೋಣೆಗೆ ಬರುವಾಗ ತಲೆ ಎಣಿಕೆ, ಹೋಗುವಾಗ ತಲೆ ಎಣಿಕೆ, ಸಾಲಿನಲ್ಲಿ ಕೂರುವುದು, ಕೈಕಟ್ಟುವುದು. ಇದನ್ನು ಕಂಡು ಮೊದಲ ದಿನವೇ ಸಿಬ್ಬಂದಿಯ ಮೇಲೆ ಮುನಿಸಿಕೊಳ್ಳಬೇಡಿ. ಎಣಿಕೆ ತಪ್ಪಿದರೆ ಉತ್ತರ ಹೇಳಬೇಕಾದವರು ಅವರು. ನೀವು ಕೇಳಬೇಕಾದ ಸಡಿಲಿಕೆ ಒಂದೇ, ಸಾಲಿನ ಬದಲು ವೃತ್ತವಾಗಿ ಕೂರಿಸಲು ಬಿಡಬೇಕು. ಸಾಲಿನಲ್ಲಿ ಕುಳಿತ ಹುಡುಗನಿಗೆ ಮುಂದಿನವನ ಬೆನ್ನು ಮಾತ್ರ ಕಾಣುತ್ತದೆ, ಸ್ವರ ಕೇಳಿಸಿಕೊಳ್ಳಲು ಬಾಯಿ ಕಾಣಬೇಕು.

ಹೊತ್ತಿನ ವಿಷಯದಲ್ಲಿ ನನ್ನದೇ ತಪ್ಪನ್ನು ಹೇಳುತ್ತೇನೆ. ಮೊದಲ ವರ್ಷದ ಒಂದು ಶನಿವಾರ ತಡವಾಗಿ ಹೊರಟು, ದಾರಿಯಲ್ಲಿ ರೈಲ್ವೆ ಗೇಟು ಬಿದ್ದು, ನಲವತ್ತು ನಿಮಿಷ ಕಳೆದು ತಲುಪಿದೆ. ಹುಡುಗರನ್ನು ಅಷ್ಟೂ ಹೊತ್ತು ಜಮಖಾನದ ಮೇಲೆ ಕೈಕಟ್ಟಿ ಸಾಲಾಗಿ ಕೂರಿಸಲಾಗಿತ್ತು. ‘ಸಂಗೀತದ ಸರ್ ಬರುವವರೆಗೆ ಮಿಸುಕಬಾರದು’ ಎಂಬ ಆಜ್ಞೆ ನನ್ನ ಹೆಸರಿನಲ್ಲೇ ನಡೆದಿತ್ತು. ಫ್ಯಾನು ತಿರುಗುತ್ತಿರಲಿಲ್ಲ. ನಾನು ಪೇಟಿ ತೆರೆದು ಷಡ್ಜ, ಅಂದರೆ ‘ಸ’, ಹಿಡಿದಾಗ ಒಬ್ಬನೂ ಬಾಯಿ ತೆರೆಯಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ತೆರೆಯುತ್ತಿರಲಿಲ್ಲ. ಅಂದಿನಿಂದ ಅರ್ಧ ಗಂಟೆ ಮೊದಲೇ ಹೋಗಿ ಹೊರಗಿನ ಬೇವಿನ ಮರದ ಕೆಳಗೆ ಕುಳಿತಿರುತ್ತೇನೆ. ಬರಲಾಗದಿದ್ದರೆ ಹಿಂದಿನ ದಿನವೇ ಅಧೀಕ್ಷಕರಿಗೆ ಕರೆ ಮಾಡಿ, ಆ ಮಾತು ಹುಡುಗರಿಗೂ ತಲುಪಬೇಕೆಂದು ಸ್ಪಷ್ಟವಾಗಿ ಕೇಳಿಕೊಳ್ಳಿ.

ವಾದ್ಯಗಳು

ಒಂದು ಪೇಟಿ, ಒಂದು ಡೋಲಕ್, ಎರಡು ಜೊತೆ ತಾಳ, ಸಿಕ್ಕರೆ ಒಂದು ಹಲಗೆ ಎಂಬ ಚರ್ಮವಾದ್ಯ, ಇಷ್ಟರಲ್ಲಿ ಎಲ್ಲವೂ ನಡೆಯುತ್ತದೆ. ತಬಲಾ ಬೇಡವೆಂದಲ್ಲ, ಆದರೆ ಅದರ ಮೇಲೆ ಒಂದು ಶುದ್ಧವಾದ ‘ನಾ’ ಹೊರಡಿಸಲು ಬೆರಳಿಗೆ ತಿಂಗಳುಗಳು ಬೇಕು. ಡೋಲಕ್ ಮತ್ತು ಹಲಗೆ ಮೊದಲ ಪೆಟ್ಟಿಗೇ ಮಾತಾಡುತ್ತವೆ. ಮೊಬೈಲ್ ಫೋನನ್ನು ಗೇಟಿನಲ್ಲೇ ಇಟ್ಟು ಹೋಗಬೇಕಾಗುವುದರಿಂದ ಅದರೊಳಗಿನ ತಂಬೂರವನ್ನು ನಂಬಿ ಹೊರಟವರು ಒಳಗೆ ಬರಿಗೈಯಲ್ಲಿ ನಿಲ್ಲುತ್ತಾರೆ. ಶ್ರುತಿಪೆಟ್ಟಿಗೆ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಪೇಟಿಯ ಷಡ್ಜ–ಪಂಚಮ ಸಾಕು.

ತಬಲಾ ಸುತ್ತಿಗೆ, ಬೋಲ್ಟಿನ ಡೋಲಕ್ಕಿನ ಪಾನಾ, ಬಿಡಿ ತಂತಿ ಇವು ನಮಗೆ ವಾದ್ಯದ ಸಾಮಾನು, ಕಾವಲಿನವರ ಕಣ್ಣಿಗೆ ಬೇರೆಯೇ ವಸ್ತು. ಒಳಗೆ ಹೋಗುವಾಗ ಅವರ ಎದುರಿಗೇ ಎಣಿಸಿ ತೋರಿಸಿ, ಬರುವಾಗ ಮತ್ತೆ ಎಣಿಸಿ ತೋರಿಸಿ. ವಾದ್ಯಗಳ ಶ್ರುತಿಯನ್ನು ಹೊರಗೇ ಮಾಡಿಕೊಂಡು ಹೋಗುವುದು ಇನ್ನೂ ಒಳ್ಳೆಯದು. ನಮ್ಮ ಒಣ ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಮಳೆಗಾಲದಲ್ಲಿ ಸಡಿಲಾಗಿ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ಪೇಟಿಯ ತಿದಿಗೆ ಕೆಂಪು ಧೂಳು ತುಂಬದಂತೆ ದಪ್ಪ ಬಟ್ಟೆಯ ಹೊದಿಕೆ ಇರಲಿ. ಸಂಸ್ಥೆಗೆ ದಾನಿಗಳು ಕೊಟ್ಟ ವಾದ್ಯಗಳಿದ್ದರೆ ಅವು ಸಾಮಾನ್ಯವಾಗಿ ಬೀರುವಿನೊಳಗೆ ಭದ್ರವಾಗಿರುತ್ತವೆ, ಬೀಗದ ಕೈ ರಜೆಯ ಮೇಲೆ ಹೋದವರ ಜೇಬಿನಲ್ಲಿರುತ್ತದೆ. ನಿಮ್ಮದನ್ನು ನೀವೇ ಹೊತ್ತು ಹೋಗುವುದು ಲೇಸು.

ಮೊದಲ ದಿನ: ಲಯದಿಂದ ಆರಂಭ

ಸ್ವರಗಳನ್ನು ಕ್ರಮವಾಗಿ ಹಾಡಿಸುವ ಮೊದಲ ಪಾಠವಾದ ಸರಳೆಯಿಂದ ಶುರು ಮಾಡಬೇಡಿ. ಪುರಂದರದಾಸರ ಕಾಲದಿಂದ ಬಂದದ್ದೆಂದು ನಾವು ನಂಬಿರುವ, ಮಾಯಾಮಾಳವಗೌಳ ರಾಗದಿಂದ ಆರಂಭವಾಗುವ ಪಾಠಕ್ರಮದ ಬಗ್ಗೆ ನನಗೆ ಗೌರವವಿದೆ. ಅದು ಹತ್ತು ವರ್ಷ ಕಲಿಯಲು ಕುಳಿತವನಿಗೆ ಹೇಳಿದ್ದು. ಇಲ್ಲಿನ ಹುಡುಗ ಈಗಾಗಲೇ ಶಾಲೆಯಲ್ಲಿ ಹಲವು ಸಲ ‘ನಿನಗೆ ಬರುವುದಿಲ್ಲ’ ಎಂದು ಕೇಳಿಸಿಕೊಂಡವನು. ಅಪಸ್ವರ ಬಂದರೆ ಎಲ್ಲರ ಕಿವಿಗೂ ಬೀಳುತ್ತದೆ, ಚಪ್ಪಾಳೆ ಹಾಗಲ್ಲ.

ಹಾಗಾಗಿ ಮೊದಲ ಹತ್ತು ನಿಮಿಷ ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ, ಕೆಹರ್ವಾ ತಾಳ ಮಾತ್ರ. ಒಂದನೇ ಮಾತ್ರೆಗೆ ಚಪ್ಪಾಳೆ, ಐದನೆಯದಕ್ಕೆ ಕೈ ಬೀಸುವುದು. ಬಾಯಲ್ಲಿ ಅದರ ಬೋಲು: ‘ಧಾ ಗೆ ನ ತಿ, ನ ಕ ಧಿ ನ’. ವೃತ್ತದ ಅರ್ಧ ಭಾಗ ತಾಳ ಹಿಡಿಯಲಿ, ಇನ್ನರ್ಧ ಬೋಲು ಹೇಳಲಿ, ಆಮೇಲೆ ಅದಲುಬದಲು. ವೇಗ ಏರುತ್ತದೆ, ಹುಡುಗರ ಕೈಯಲ್ಲಿ ಅದು ಏರಿಯೇ ಏರುತ್ತದೆ. ಗದರದೆ ನಿಲ್ಲಿಸಿ, ಮತ್ತೆ ನಿಧಾನ ಲಯದಿಂದ ಆರಂಭಿಸಿ. ತಮ್ಮದೇ ಕೈ ತಮ್ಮ ಮಾತು ಕೇಳುವುದು ಅವರಿಗೆ ಆ ಹತ್ತು ನಿಮಿಷದಲ್ಲಿ ಎರಡು ಸಲವಾದರೂ ಅನುಭವಕ್ಕೆ ಬಂದರೆ ಅಂದಿನ ಪಾಠ ಗೆದ್ದಿತು.

ನಂತರ ‘ನಿಮ್ಮೂರಲ್ಲಿ ಹಬ್ಬಕ್ಕೆ ಏನು ಬಾರಿಸುತ್ತಾರೆ?’ ಎಂದು ಕೇಳಿ. ನಮ್ಮ ಭಾಗದಲ್ಲಿ ಮೊಹರಂ ಎಲ್ಲ ಜಾತಿ ಧರ್ಮದವರೂ ಕೂಡಿ ಮಾಡುವ ಹಬ್ಬವಾದ್ದರಿಂದ ಅಲಾಯಿ ಕುಣಿತದ ಹೆಜ್ಜೆ, ಹಲಗೆಯ ಪೆಟ್ಟು ಬಹುತೇಕ ಹುಡುಗರ ಮೈಯಲ್ಲೇ ಇರುತ್ತವೆ. ಒಮ್ಮೆ ಮೂರು ವಾರದಿಂದ ತಲೆ ಎತ್ತದೆ ಕುಳಿತಿದ್ದ ಒಬ್ಬ ಹುಡುಗ, ನಾನು ಡೋಲಕ್ಕಿನ ಮೇಲೆ ಅಲಾಯಿ ಹೆಜ್ಜೆಯನ್ನು ನುಡಿಸಲು ಹೋದಾಗ, ತಡೆಯಲಾರದೆ ಬಾಯಿಬಿಟ್ಟ: ‘ಸರ್, ನೀವು ಬಿರ್ರನ ಹೊಡಿಯಾಕತ್ತೀರಿ, ಅದು ಹಂಗಲ್ರಿ.’ ಎದ್ದು ಹೋಗಿ ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ, ಎಡಗೈಯ ಅಂಗೈಯಿಂದ ನಡುವಿಗೂ ಬಲಗೈಯ ಎರಡು ಬೆರಳಿನಿಂದ ಅಂಚಿಗೂ ಹೊಡೆದು ತೋರಿಸಿದ. ನಾನು ಮೂರು ಸಲ ತಪ್ಪಿದೆ, ಹುಡುಗರು ನಕ್ಕರು, ಕಾವಲಿನವರೂ ನಕ್ಕರು. ನಾಲ್ಕನೆಯ ಸಲ ಬಂತು. ಅಂದಿನ ತರಗತಿ ಪೂರ್ತಿ ಅವನದೇ. ಮುಂದಿನ ಶನಿವಾರ ಅವನು ಇರಲಿಲ್ಲ, ಜಾಮೀನಾಗಿತ್ತು. ಆ ಪೆಟ್ಟನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಈಗ ನುಡಿಸುವಾಗ ಎಲ್ಲೋ ಒಂದು ಮಾತ್ರೆ ಜಾರಿದಂತೆಯೇ ಅನ್ನಿಸುತ್ತದೆ. ಹುಡುಗರು ಕಲಿಸಿದ್ದನ್ನು ಅಂದೇ ಬರೆದಿಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕೇ.

ಷಡ್ಜವನ್ನು ಎಲ್ಲಿ ಇಡಬೇಕು

ಹನ್ನೆರಡರಿಂದ ಹದಿನೈದರ ನಡುವಿನ ಹುಡುಗರ ಕಂಠ ಒಡೆಯುತ್ತಿರುತ್ತದೆ. ಒಂದೇ ವೃತ್ತದಲ್ಲಿ ಎಳೆಯ ಕಂಠ, ಒಡೆದು ನಿಂತ ಗಂಡು ಕಂಠ, ಇವೆರಡರ ನಡುವೆ ಸಿಕ್ಕಿ ಕೀರಲಾಗುವ ಕಂಠ, ಮೂರೂ ಇರುತ್ತವೆ. ಪೇಟಿಯ ಕಪ್ಪು ಒಂದರಲ್ಲಿ (ಮೊದಲ ಕಪ್ಪು ಮನೆಯಲ್ಲಿ) ಷಡ್ಜ ಇಟ್ಟರೆ ಒಡೆದ ಕಂಠದವರು ಕೆಳಗಿನ ಸಪ್ತಕದಲ್ಲಿ, ಎಳೆಯರು ಅದೇ ಸ್ವರವನ್ನು ಮೇಲಿನ ಸಪ್ತಕದಲ್ಲಿ ಹಾಡಿಕೊಳ್ಳುತ್ತಾರೆ, ಯಾರನ್ನೂ ಬೇರ್ಪಡಿಸಬೇಕಾಗುವುದಿಲ್ಲ. ಕಷ್ಟವಿರುವುದು ನಡುವಿನವರದು. ಅವರ ಹಿಡಿತಕ್ಕೆ ಐದಾರು ಸ್ವರಗಳಿಗಿಂತ ಹೆಚ್ಚು ಸಿಗದ ತಿಂಗಳುಗಳಿರುತ್ತವೆ. ಆದ್ದರಿಂದ ಭೂಪಾಲಿ ರಾಗದ, ಅಂದರೆ ಕರ್ನಾಟಕ ಪದ್ಧತಿಯವರ ಮೋಹನದ, ಮಂದ್ರ ಧೈವತದಿಂದ ಮಧ್ಯ ಪಂಚಮದವರೆಗಿನ ಧ ಸ ರಿ ಗ ಪ ಇಷ್ಟರೊಳಗೇ ಮೊದಲ ತಿಂಗಳ ಎಲ್ಲ ಪಲ್ಟಾಗಳನ್ನೂ (ಸ್ವರಗಳನ್ನು ತಿರುಗಿಸಿ ಹಾಡುವ ಅಭ್ಯಾಸಗಳನ್ನು) ಹೊಂದಿಸಿ. ತಾರ ಷಡ್ಜ, ಅಂದರೆ ಮೇಲಿನ ‘ಸ’, ಮುಟ್ಟಿಸುವ ಹಟ ಬೇಡ. ಕಂಠ ಕೀರಲಾದವನನ್ನು ಕಂಡು ಉಳಿದವರು ನಕ್ಕರೆ, ಇದು ಎಲ್ಲ ಗಂಡುಮಕ್ಕಳಿಗೂ ಆಗುವಂಥದ್ದು, ನನಗೂ ಆಗಿತ್ತು ಎಂದು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ, ಅವನಿಗೆ ಆ ವಾರ ಷಡ್ಜವೊಂದನ್ನೇ ಹಿಡಿದು ನಿಲ್ಲುವ ಕೆಲಸ ಕೊಡಿ. ಹಿಡಿದು ನಿಲ್ಲುವುದು ಸಣ್ಣ ಕೆಲಸವಲ್ಲ ಎಂಬುದು ಉಳಿದವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಹಾಡಿನ ಆಯ್ಕೆ

ಸಾಹಿತ್ಯದ ಹಾಳೆ ಹಂಚುವುದು ಅನೇಕರ ಮೊದಲ ತಪ್ಪು. ಓದಲು ಬಾರದವನು ಆ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ತುಟಿ ಆಡಿಸುತ್ತಾನೆ. ಕಿವಿಯಿಂದಲೇ ಕಲಿಸಿ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಅಕ್ಷರ ಕಲಿತವರಲ್ಲ. ರಾತ್ರಿಗಳಗಟ್ಟಲೆ ಹಾಡುವಷ್ಟು ಉದ್ದದ ಜನಪದ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. 2014ರಲ್ಲಿ ಅವರು ತೀರಿಕೊಂಡರು. ಹುಡುಗರಿಗೆ ಅವರ ವಿಷಯ ಹೇಳಿ, ಏಕೆಂದರೆ ದರೋಜಿ ಎಂಬ ಊರು ಅವರಲ್ಲಿ ಕೆಲವರಿಗೆ ಬಸ್ಸಿನ ಬೋರ್ಡಿನಿಂದಾದರೂ ಗೊತ್ತಿರುತ್ತದೆ. ಬುರ್ರಕಥೆಯ ವಿಧಾನವೂ ತರಗತಿಗೆ ಹೇಳಿ ಮಾಡಿಸಿದ್ದು: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಮತ್ತೆ ಮತ್ತೆ ಬರುವ ಸೊಲ್ಲು ಹಿಡಿಯುತ್ತಾರೆ. ಮೊದಲ ಹದಿನೈದು ನಿಮಿಷದಲ್ಲಿ ಸೊಲ್ಲು ಬಂದುಬಿಟ್ಟರೆ ಅಂದೇ ಬಂದ ಹೊಸ ಹುಡುಗನೂ ಹಾಡಿನೊಳಗೆ ಇರುತ್ತಾನೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಕಣ್ಣಿಲ್ಲದ, ಮನೆಯಿಲ್ಲದ ನೂರಾರು ಮಕ್ಕಳಿಗೆ ಕಲಿಸಿದ್ದೂ ಕಿವಿಯ ದಾರಿಯಿಂದಲೇ. ಅಲ್ಲಿನ ಶಿಸ್ತೂ ಬಿಗಿಯಾದದ್ದೇ, ಆದರೆ ಆ ಬಿಗಿ ಸ್ವರದ ಸಲುವಾಗಿ ಇತ್ತು. ಆ ವ್ಯತ್ಯಾಸವನ್ನು ನಾನು ಇಲ್ಲಿ ಬಿಡಿಸಿ ಹೇಳುವುದಕ್ಕಿಂತ, ಒಮ್ಮೆ ಗದುಗಿಗೆ ಹೋಗಿ ಬೆಳಗಿನ ಜಾವದ ರಿಯಾಜ್ ಕೇಳಿ ಬನ್ನಿ.

ಭಾಷೆಯ ಬಗ್ಗೆ ಮಡಿವಂತಿಕೆ ಬೇಡ. ಬಳ್ಳಾರಿಯ ಹುಡುಗ ತೆಲುಗಿನಲ್ಲಿ ಗುನುಗುತ್ತಾನೆ, ತಾಂಡಾದವನು ಲಂಬಾಣಿಯಲ್ಲಿ, ಇನ್ನೊಬ್ಬ ಉರ್ದುವಿನಲ್ಲಿ. ಒಂದೇ ದೇವರ ಭಜನೆಯಿಂದ ಪ್ರತಿ ತರಗತಿಯನ್ನೂ ಆರಂಭಿಸಿದರೆ ಒಂದಿಬ್ಬರು ತಮಗೆ ಸಂಬಂಧವಿಲ್ಲದ ಮನೆಯೊಳಗೆ ಬಂದಂತೆ ಕೂರುತ್ತಾರೆ. ತತ್ವಪದ, ವಚನ, ಬೀಸುವ ಪದ, ಮೊಹರಂನ ರಿವಾಯತ್ ಪದ ಎಲ್ಲಕ್ಕೂ ಜಾಗವಿರಲಿ. ವಚನಗಳನ್ನು ಕಲಿಸುವುದಾದರೆ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ರೀತಿಯನ್ನು ಕೇಳಿಕೊಂಡು ಹೋಗಿ. ಅಕ್ಷರ ನುಂಗದೆ ರಾಗ ಬಿಡದೆ ಹಾಡುವುದು ಹೇಗೆಂದು ತಿಳಿಯುತ್ತದೆ. ಸಿನಿಮಾ ಹಾಡು ಬೇಕೆಂದು ಹುಡುಗರು ಹಟ ಹಿಡಿದರೆ ಕೊನೆಯ ಐದು ನಿಮಿಷ ಬಿಡಿ, ತಾಳ ಮಾತ್ರ ತಪ್ಪಬಾರದು. ತಾಯಿಯ ಮೇಲಿನ ಹಾಡುಗಳನ್ನು ಆರಂಭದ ವಾರಗಳಲ್ಲಿ ಮುಟ್ಟಬೇಡಿ. ಒಬ್ಬ ಅತ್ತರೆ ಕೋಣೆಯೆಲ್ಲ ಅಳುತ್ತದೆ, ಆಮೇಲೆ ನೀವು ಪೇಟಿ ಮುಚ್ಚಿ ಮನೆಗೆ ಹೋಗುತ್ತೀರಿ, ಅವರು ಅಲ್ಲೇ ಇರುತ್ತಾರೆ.

ಹಾಡದವನು, ಜಗಳ, ದೂರು

ಹಾಡಲೊಲ್ಲದವನನ್ನು ಹಾಡಿಸಬೇಡಿ, ಅವನ ಕೈಗೆ ತಾಳ ಕೊಡಿ, ಅದೂ ಬೇಡವೆಂದರೆ ಕೂತು ಕೇಳಲಿ. ಜಗಳವಾದರೆ ಪೇಟಿಯ ಶ್ರುತಿ ಹಿಡಿದು ಸುಮ್ಮನಿರಿ, ಬಿಡಿಸುವ ಕೆಲಸ ಸಿಬ್ಬಂದಿಯದು. ಆದರೆ ‘ವಾರ್ಡನ್‌ಗೆ ಹೇಳುತ್ತೇನೆ’ ಎಂದು ಹೆದರಿಸುವುದನ್ನು ಎಂದೂ ಮಾಡಬೇಡಿ. ಸಂಸ್ಥೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದು ಬಾಲ ನ್ಯಾಯ ಕಾಯ್ದೆಯ 82ನೇ ಕಲಮಿನ ಪ್ರಕಾರ ಅಪರಾಧವೆಂಬುದನ್ನು ನೀವೂ ನೆನಪಿಡಿ. ತಲೆಗೆ ಮೊಟಕುವ ಗುರುಕುಲದ ಅಭ್ಯಾಸವನ್ನು ಗೇಟಿನಲ್ಲೇ ಫೋನಿನ ಜೊತೆ ಬಿಟ್ಟುಹೋಗಿ. ಇನ್ನೊಂದು ಮಾತನ್ನು ಅಧೀಕ್ಷಕರೊಂದಿಗೆ ಮೊದಲೇ ಆಡಿಕೊಳ್ಳಬೇಕು. ಬೇರೆ ತಪ್ಪಿಗಾಗಿ ಹುಡುಗನನ್ನು ಸಂಗೀತದಿಂದ ದೂರವಿಡುವ ಪದ್ಧತಿ ಕೆಲವೆಡೆ ಇದೆ. ತರಗತಿ ಬಹುಮಾನವಾದರೆ ಅದು ಒಳ್ಳೆಯ ಹುಡುಗರದ್ದಷ್ಟೇ ಆಗಿಬಿಡುತ್ತದೆ, ನಾವು ಹೋಗುವುದು ಉಳಿದವರಿಗಾಗಿಯೂ ಹೌದು.

ತರಗತಿ ಮುಗಿದ ಮೇಲೆ ಚಾಪೆ ಮಡಚುವ ನೆಪದಲ್ಲಿ ಒಬ್ಬ ಹಿಂದುಳಿದು, ತನಗಾದ ಹಿಂಸೆಯನ್ನು ಹೇಳಿಕೊಳ್ಳಬಹುದು. ‘ಯಾರಿಗೂ ಹೇಳುವುದಿಲ್ಲ’ ಎಂಬ ಭಾಷೆ ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಉಳಿದ ಸಂಗತಿಗಳನ್ನು ಆಪ್ತಸಮಾಲೋಚಕರಿಗೆ ಅಥವಾ ಬಾಲ ನ್ಯಾಯ ಮಂಡಳಿಗೆ ಮುಟ್ಟಿಸಬಹುದು, ಮಕ್ಕಳ ಸಹಾಯವಾಣಿ 1098 ಎಂದಿಗೂ ತೆರೆದಿರುತ್ತದೆ. ಅವನಿಗೆ ನಿಜವನ್ನೇ ಹೇಳಿ: ಇದನ್ನು ನಾನು ಇಂಥವರಿಗೆ ಹೇಳುತ್ತೇನೆ, ಹೇಳಿದ ಮೇಲೆ ನಿನಗೆ ತಿಳಿಸುತ್ತೇನೆ.

ಯಾರ ಮುಂದೆ ಹಾಡಿಸಬೇಕು

ಆಗಸ್ಟ್ 15 ಮತ್ತು ನವೆಂಬರ್ 14ರ ಕಾರ್ಯಕ್ರಮಕ್ಕೆ ಹಾಡು ಬೇಕೆಂದು ಕೇಳಿಯೇ ಕೇಳುತ್ತಾರೆ. ಒಪ್ಪಿಕೊಳ್ಳಿ, ಆದರೆ ಎರಡು ತಿಂಗಳ ತರಗತಿಯನ್ನೆಲ್ಲ ಅದೊಂದು ಹಾಡಿನ ತಾಲೀಮಿಗೆ ಸುರಿಯಬೇಡಿ. ಅಂದು ಕ್ಯಾಮೆರಾ ಹಿಡಿದವರು ಬಂದರೆ ಹುಡುಗರ ಮುಖ ತೆಗೆಯಕೂಡದೆಂದು ಅಧೀಕ್ಷಕರ ಮೂಲಕ ಮೊದಲೇ ಹೇಳಿಸಿ. ನನ್ನ ಅನುಭವದಲ್ಲಿ ಅದಕ್ಕಿಂತ ಒಳ್ಳೆಯ ವೇದಿಕೆ ಮನೆಯವರು ಭೇಟಿಗೆ ಬರುವ ದಿನ. ಸಿರುಗುಪ್ಪದ ಕಡೆಯಿಂದಲೋ ಕಂಪ್ಲಿಯ ಕಡೆಯಿಂದಲೋ ಕೂಲಿ ಬಿಟ್ಟು ಬಂದ ತಂದೆ ತಾಯಿ ಚಪ್ಪಲಿ ಕಳಚಿ ಗೋಡೆಯ ಬದಿಗೆ ಕೂರುತ್ತಾರೆ. ಮಗ ಅಲ್ಲಿ ಪೊಲೀಸರ ಕಾಗದದ ಹೆಸರಾಗಿ ಅಲ್ಲ, ಸೊಲ್ಲು ಎತ್ತುವವನಾಗಿ ಅವರ ಕಣ್ಣಿಗೆ ಬೀಳುತ್ತಾನೆ. ಒಂದೇ ಹಾಡು ಸಾಕು, ಮೂರು ನಿಮಿಷ, ಭಾಷಣ ಬೇಡವೇ ಬೇಡ. ಒಪ್ಪಿಗೆ ಸಿಗಲು ನನಗೆ ಒಂದೂವರೆ ವರ್ಷ ಹಿಡಿಯಿತು, ಕೇಳುತ್ತಲೇ ಇರಿ.

ಕಾವಲಿನವರನ್ನು ಹೊರಗಿನವರಂತೆ ಕಾಣಬೇಡಿ. ನಮ್ಮಲ್ಲಿ ಬಾಗಿಲ ಬಳಿ ನಿಲ್ಲುವ ಒಬ್ಬ ಹಿರಿಯರು ಊರಿನ ಭಜನಾ ಮಂಡಳಿಯಲ್ಲಿ ತಾಳ ಹಾಕುವವರು. ಅವರ ಕೈಗೆ ತಾಳ ಕೊಟ್ಟ ದಿನದಿಂದ ಎಣಿಕೆಯ ದನಿಯೂ ಸ್ವಲ್ಪ ಮೆತ್ತಗಾಯಿತು.

ಹೊರಡುವ ಹುಡುಗ, ಬರೆಯುವ ಪುಸ್ತಕ

ಬಿಡುಗಡೆಯ ದಿನ ನಿಮಗೆ ತಿಳಿಯುವುದಿಲ್ಲ, ಬೀಳ್ಕೊಡುಗೆಯೂ ಇರುವುದಿಲ್ಲ. ಹಾಗಾಗಿ ಪ್ರತಿ ತರಗತಿಯ ಕೊನೆಗೆ, ಊರಿಗೆ ಹೋದ ಮೇಲೆ ಹಾಡಬೇಕೆನ್ನಿಸಿದರೆ ಸೋಮವಾರವೋ ಅಮಾವಾಸ್ಯೆಯೋ ಭಜನೆ ನಡೆಯುವಲ್ಲಿ, ಅಲಾಯಿ ಮೇಳದಲ್ಲಿ, ಹೋಗಿ ಕೂರಬಹುದೆಂದು ಎಲ್ಲರಿಗೂ ಹೇಳಿಬಿಡಿ. ನೀವಾಗಿ ಅವರ ಮನೆ ಹುಡುಕಿಕೊಂಡು ಹೋಗಬೇಡಿ; ನಿಮ್ಮನ್ನು ಕಂಡರೆ ಓಣಿಯವರಿಗೆ ಅವನು ಎಲ್ಲಿದ್ದನೆಂಬುದು ನೆನಪಾಗುತ್ತದೆ. ಪೇಟೆಯಲ್ಲಿ ಎದುರಾದರೆ ಅವನೇ ಮಾತಾಡಿಸುವವರೆಗೆ ಸುಮ್ಮನೆ ಮುಂದೆ ನಡೆಯಿರಿ.

ಗೇಟು ದಾಟಿ ಫೋನು ತೆಗೆದುಕೊಳ್ಳುವ ಮೊದಲು, ಬೇವಿನ ಮರದ ಕೆಳಗೆ ಕುಳಿತು ಒಂದು ಪುಸ್ತಕದಲ್ಲಿ ಬರೆಯಿರಿ. ಹೆಸರುಗಳು ಬೇಡ, ತಾರೀಕು, ಷಡ್ಜ ಪೇಟಿಯ ಯಾವ ಮನೆಯಲ್ಲಿತ್ತು, ಯಾವ ಸೊಲ್ಲು ಬೇಗ ಬಂತು, ತಾಳ ಎಲ್ಲಿ ಓಡಿತು, ಹುಡುಗರು ಹೊಸದಾಗಿ ಏನು ಹೇಳಿಕೊಟ್ಟರು, ಇಷ್ಟೇ. ಮುಂದಿನ ಶನಿವಾರ ಆ ಪುಟವನ್ನು ನೋಡಿಕೊಂಡು ಒಳಗೆ ಹೋಗಿ, ಗೋಡೆಗೆ ಒರಗಿ ನಿಂತ ಹೊಸಬರಿಗೆ ವೃತ್ತದಲ್ಲಿ ಜಾಗ ಮಾಡಿಸಿ, ಒಂದನೇ ಮಾತ್ರೆಯ ಚಪ್ಪಾಳೆಯಿಂದ ಮತ್ತೆ ಆರಂಭಿಸಿ.